ಹಾಸಿಗೆ ಹಿಡಿಯುವ ಮುನ್ನ

ಬಡವರ ಆರೋಗ್ಯಕ್ಕೆ ಸರ್ಕಾರ ಏನೂ ಮಾಡಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಹೈಸ್ಕೂಲು ಮೇಷ್ಟ್ರಾಗಿ ಬದುಕು ಕಳೆದವನು ನಾನು. ಹೃದಯದಲ್ಲಿ ರಂಧ್ರವಿದ್ದ ಮಗುವನ್ನು ಉಳಿಸಿಕೊಳ್ಳಲು ತಂದೆ ತಾಯಿ ಪತ್ರಿಕೆಯ ಮೂಲೆಯಲ್ಲಿ ‘ನೆರವಿಗೆ ಮನವಿ’ ಹಾಕಿಸಿ, ಬ್ಯಾಂಕ್ ಖಾತೆ ಸಂಖ್ಯೆ ಕೊಟ್ಟು ಕಾಯುತ್ತಿದ್ದ ಕಾಲವನ್ನು ಕಣ್ಣಾರೆ ಕಂಡಿದ್ದೇನೆ. ಆಪರೇಷನ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಜನ ಮೊದಲು ನೆನೆಯುತ್ತಿದ್ದುದು ಡಾಕ್ಟರನ್ನಲ್ಲ, ಹೊಲ ಬರೆಸಿಕೊಳ್ಳುವ ಸಾಹುಕಾರನನ್ನು. ಎಷ್ಟೋ ಮನೆಗಳಲ್ಲಿ ‘ದೇವರು ಇಟ್ಟ ಹಾಗೆ ಆಗಲಿ’ ಎಂದು ರೋಗಿಯನ್ನು ವಾಪಸು ಕರೆತರುತ್ತಿದ್ದರು. ಅದು ವೈರಾಗ್ಯವಲ್ಲ, ಕೈಯಲ್ಲಿ ಕಾಸಿಲ್ಲದವರ ಲೆಕ್ಕಾಚಾರ.

ಆ ಸ್ಥಿತಿಯನ್ನು ಬದಲಿಸಿದ್ದು ನಮ್ಮ ರಾಜ್ಯವೇ. 2003ರಲ್ಲಿ ಯಶಸ್ವಿನಿ ಆರೋಗ್ಯ ಯೋಜನೆ ಜಾರಿಗೆ ಬಂದಾಗ ಸಹಕಾರ ಸಂಘದ ಸದಸ್ಯನಾಗಿದ್ದ ರೈತ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ ಐದು ರೂಪಾಯಿ ಕಟ್ಟಿ ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದಾಯಿತು. ಹಾಲಿನ ಡೇರಿಯಲ್ಲಿ ಪಾಸ್‌ಬುಕ್ ಇದ್ದವನಿಗೆ ಆಪರೇಷನ್ ಥಿಯೇಟರಿನ ಬಾಗಿಲು ತೆರೆದದ್ದು ಸಣ್ಣ ಸಂಗತಿಯಲ್ಲ. ಸಂಘದ ಸದಸ್ಯತ್ವವೂ ಇಲ್ಲದ ಕೂಲಿಕಾರರಿಗೆ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಂತು. 2010ರಲ್ಲಿ ಮೊದಲು ಗುಲ್ಬರ್ಗ ವಿಭಾಗದಲ್ಲಿ, ಆಮೇಲೆ ಬೆಳಗಾವಿ ವಿಭಾಗದಲ್ಲಿ, ಕೊನೆಗೆ ಇಡೀ ರಾಜ್ಯದಲ್ಲಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆ, ಸಾಲದೆ ಬಂದರೆ ಇನ್ನೂ 50 ಸಾವಿರ. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ನರ, ಸುಟ್ಟಗಾಯ, ಅಪಘಾತ ಎಲ್ಲವೂ ಅದರಲ್ಲಿ ಸೇರಿದ್ದವು.

ಈ ಯೋಜನೆ ನಿಜಕ್ಕೂ ಜೀವ ಉಳಿಸಿತೇ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆ ಬಂದಿದ್ದ ಭಾಗದ 300 ಹಳ್ಳಿಗಳನ್ನೂ, ಗಡಿಯ ಆಚೆಗೆ ಯೋಜನೆ ಇನ್ನೂ ಕಾಲಿಡದ 272 ಹಳ್ಳಿಗಳನ್ನೂ ಸಂಶೋಧಕರು ಹೋಲಿಸಿ ನೋಡಿದರು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಸತ್ತವರ ಪ್ರಮಾಣ ಯೋಜನೆಯಿದ್ದ ಹಳ್ಳಿಗಳ ಬಡವರಲ್ಲಿ ಶೇ 0.32 ಇದ್ದರೆ, ಇಲ್ಲದ ಕಡೆ ಶೇ 0.90 ಇತ್ತು. ಬಡತನ ರೇಖೆಗಿಂತ ಮೇಲಿದ್ದ, ಅಂದರೆ ಎರಡೂ ಕಡೆ ಯೋಜನೆಗೆ ಸೇರದ ಕುಟುಂಬಗಳಲ್ಲಿ ಹೆಚ್ಚು ಕಡಿಮೆ ವ್ಯತ್ಯಾಸವೇ ಇರಲಿಲ್ಲ. ಭಾಷೆ ಒಂದೇ, ಬೆಳೆ ಒಂದೇ, ನೆಂಟಸ್ತನವೂ ಒಂದೇ ಇದ್ದ ಅಕ್ಕಪಕ್ಕದ ಊರುಗಳವು. ನಡುವೆ ಇದ್ದದ್ದು ಒಂದು ಆಡಳಿತ ವಿಭಾಗದ ಗಡಿ. ಆ ಅಂಕಿಗಳನ್ನು ಓದಿದ ದಿನ ಸುಮ್ಮನೆ ಕುಳಿತುಬಿಟ್ಟೆ. ಒಂದು ಆದೇಶಕ್ಕೆ ಅಷ್ಟು ಶಕ್ತಿ ಇದೆ.

ಆ ಯಶಸ್ಸಿನಲ್ಲಿ ದುಡ್ಡಿನ ಜೊತೆಗೆ ಇನ್ನೊಂದು ಸಂಗತಿ ಇತ್ತು, ಅದನ್ನು ನಾವು ಬೇಗ ಮರೆತೆವು. ಅಂದು ಯೋಜನೆಗೆ ಸೇರಿದ ಆಸ್ಪತ್ರೆಗಳು ಹಳ್ಳಿಗಾಡಿಗೆ ಬಂದು ಶಿಬಿರ ಮಾಡುತ್ತಿದ್ದವು. ಎದೆನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಓಮದ ನೀರು ಕುಡಿಯುತ್ತಿದ್ದವನನ್ನು ಹುಡುಕಿ, ಪರೀಕ್ಷಿಸಿ, ಇವನಿಗೆ ಆಪರೇಷನ್ ಬೇಕು ಎಂದು ಅಲ್ಲೇ ಗುರುತಿಸುತ್ತಿದ್ದರು. ಯೋಜನೆ ರೋಗಿಯನ್ನು ಹುಡುಕಿಕೊಂಡು ಬರುತ್ತಿತ್ತು. ಈಗ ರೋಗಿಯೇ ಯೋಜನೆಯನ್ನು ಹುಡುಕಿಕೊಂಡು ಹೋಗಬೇಕು. 2018ರಲ್ಲಿ ಈ ಎಲ್ಲ ಯೋಜನೆಗಳೂ ಒಂದಾಗಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಆಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿ. ಮೊತ್ತ ದೊಡ್ಡದಾಯಿತು, ದಾರಿಯೂ ಉದ್ದವಾಯಿತು. ತುರ್ತು ಸಂದರ್ಭ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ‘ಇಲ್ಲಿ ಆಗುವುದಿಲ್ಲ’ ಎಂಬ ರೆಫರಲ್ ಚೀಟಿ ಪಡೆಯಬೇಕು, ಅದನ್ನು ಹಿಡಿದು ದೊಡ್ಡ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಕೌಂಟರ್ ಮುಂದೆ ನಿಲ್ಲಬೇಕು, ಅಪ್ರೂವಲ್ ಬರುವವರೆಗೆ ಕಾಯಬೇಕು. ಸರ್ಕಾರಿ ಆಸ್ಪತ್ರೆ ಖಾಲಿ ಕುಳಿತು ಖಾಸಗಿಗೆ ದುಡ್ಡು ಹರಿಯಬಾರದು ಎಂಬ ಉದ್ದೇಶ ಸರಿಯಾದದ್ದೇ. ಆದರೆ ಆ ಚೀಟಿಗಾಗಿ ಕಳೆದುಹೋಗುವ ಕೂಲಿಯನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ನನ್ನನ್ನು ಕಾಡುವುದು ಇದಕ್ಕಿಂತಲೂ ಆಳದ ಸಂಗತಿ. ನಮ್ಮ ಆರೋಗ್ಯ ನೀತಿ ಹಾಸಿಗೆಯ ಸುತ್ತ ಕಟ್ಟಿದ್ದು. ಆಸ್ಪತ್ರೆಯಲ್ಲಿ ದಾಖಲಾಗಿ ಮಲಗಿದರೆ ಐದು ಲಕ್ಷದವರೆಗೆ ಸರ್ಕಾರ ನಿಲ್ಲುತ್ತದೆ. ದಾಖಲಾಗುವ ಮುಂಚಿನ ಮೂರು ದಿನ, ಬಿಡುಗಡೆಯಾದ ಮೇಲಿನ ಹದಿನೈದು ದಿನದ ಔಷಧ ಪ್ಯಾಕೇಜಿನಲ್ಲಿ ಸೇರಿದೆ. ಹದಿನಾರನೆಯ ದಿನ ರೋಗಿ ಮತ್ತೆ ಬರಿಗೈಯವನು. ಕಾಯಿಲೆಯಂತೂ ಹದಿನಾರನೆಯ ದಿನಕ್ಕೆ ಮುಗಿಯುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಗಾರೆ ಕೆಲಸದವರು. ಒಂದು ಸಂಜೆ ಎದೆ ಹಿಡಿದುಕೊಂಡು ಕುಸಿದರು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸ್ ಹತ್ತಿಸಿ ಬೆಂಗಳೂರಿಗೆ ಕಳುಹಿಸಿದರು. ಸಾವಿರಾರು ರೂಪಾಯಿಯ ಆ ಇಂಜೆಕ್ಷನ್ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಿಂದಾಗಿ ಈಗ ತಾಲ್ಲೂಕು ಮಟ್ಟದಲ್ಲೇ ಉಚಿತವಾಗಿ ಸಿಗುತ್ತದೆ. ಬೆಂಗಳೂರಿನಲ್ಲಿ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿದರು, ಒಂದು ಪೈಸೆ ಕೇಳಲಿಲ್ಲ. ಮನೆಗೆ ಬಂದಾಗ ಊರಿಗೆ ಊರೇ ಸರ್ಕಾರವನ್ನು ಹರಸಿತು. ನಾನೂ ಹರಸಿದೆ.

ಆಮೇಲೆ ಶುರುವಾಯಿತು ಮಾತ್ರೆಯ ಲೆಕ್ಕ. ರಕ್ತ ಹೆಪ್ಪುಗಟ್ಟದಂತೆ ತಡೆಯಲು ಎರಡು, ಕೊಲೆಸ್ಟರಾಲ್‌ಗೆ ಒಂದು, ಬಿಪಿಗೆ ಒಂದು, ಸಕ್ಕರೆ ಕಾಯಿಲೆಗೆ ಒಂದು. ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಭಾರ ಎತ್ತದ ಗಾರೆ ಕೆಲಸ ಎಲ್ಲಿದೆ? ದುಡಿಯುವ ಕೈ ನಿಂತಿತು, ತಿಂಗಳ ಖರ್ಚು ಏರಿತು. ಸರ್ಕಾರಿ ಆಸ್ಪತ್ರೆಯ ಔಷಧ ಕಿಟಕಿಯಲ್ಲಿ ಬಿಪಿ, ಸಕ್ಕರೆ ಮಾತ್ರೆ ಕೊಡುತ್ತಿದ್ದರು, ಉಳಿದವಕ್ಕೆ ಚೀಟಿಯ ಮೇಲೆ ಗೀಟು ಹಾಕಿ ‘ಹೊರಗಡೆ ತೆಗೆದುಕೊಳ್ಳಿ’ ಎನ್ನುತ್ತಿದ್ದರು. ಹೆಂಡತಿ ಹುಣಸೆಹಣ್ಣು ಕುಟ್ಟುವ ಕೆಲಸಕ್ಕೆ ಹೋಗತೊಡಗಿದರು. ಸುಗ್ಗಿ ಇರುವ ತಿಂಗಳುಗಳಲ್ಲಿ ಮಾತ್ರ ಸಿಗುವ ಕೂಲಿ ಅದು.

ಮೆಡಿಕಲ್ ಶಾಪಿನ ಗಲ್ಲಾದ ಪಕ್ಕದಲ್ಲಿ ಒಂದು ಕತ್ತರಿ ಇರುತ್ತದೆ. ಅದನ್ನು ನೀವೂ ನೋಡಿರುತ್ತೀರಿ. ‘ನಾಲ್ಕು ದಿನಕ್ಕೆ ಆಗುವಷ್ಟು ಕೊಡಿ ಅಣ್ಣ’ ಎಂದು ಕೇಳಿದವರಿಗೆ ಹತ್ತು ಮಾತ್ರೆಯ ಪಟ್ಟಿಯಿಂದ ನಾಲ್ಕನ್ನು ಕತ್ತರಿಸಿ ಕೊಡುವ ಕತ್ತರಿ. ಆ ತುಂಡಿನಲ್ಲಿ ಮಾತ್ರೆಯ ಹೆಸರು ಅರ್ಧ ಇರುತ್ತದೆ, ಅವಧಿ ಮುಗಿಯುವ ದಿನಾಂಕ ಇನ್ನೊಂದು ತುಂಡಿನಲ್ಲಿ ಉಳಿಯುತ್ತದೆ. ನನ್ನ ಆ ವಿದ್ಯಾರ್ಥಿಯ ತಾಯಿ ಓದು ಬಲ್ಲವರಲ್ಲ. ಮಾತ್ರೆಗಳನ್ನು ಬಣ್ಣದಿಂದ ಗುರುತಿಟ್ಟುಕೊಂಡಿದ್ದರು: ಬೆಳಿಗ್ಗೆ ಬಿಳಿಯದು, ಮಧ್ಯಾಹ್ನ ಗುಲಾಬಿ, ರಾತ್ರಿ ಹಳದಿ. ಒಂದು ದಿನ ಅಂಗಡಿಯವನು ಬೇರೆ ಕಂಪನಿಯ ಮಾತ್ರೆ ಕೊಟ್ಟ. ಗುಲಾಬಿಯೂ ಬಿಳಿಯಾಗಿ ಬಂತು. ಎರಡು ಬಿಳಿ ಮಾತ್ರೆ ಮುಂದಿಟ್ಟುಕೊಂಡು, ಯಾವುದು ಯಾವ ಹೊತ್ತಿನದು ಎಂದು ತಿಳಿಯದೆ, ಒಂದನ್ನು ಬಿಟ್ಟುಬಿಟ್ಟರು. ಇನ್ನೊಂದು ತಿಂಗಳು ದುಡ್ಡು ಹೊಂದಲಿಲ್ಲ. ನೋವು ಇಲ್ಲವಲ್ಲ, ಸ್ವಲ್ಪ ದಿನ ತಡೆಯೋಣ ಎಂದುಕೊಂಡರು. ಸ್ಟೆಂಟ್ ಹಾಕಿದವರು ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿದರೆ ಅದರೊಳಗೇ ಗಡ್ಡೆ ಕಟ್ಟುವ ಅಪಾಯವಿದೆ. ಅವನ ತಂದೆ ಮತ್ತೆ ಕುಸಿದರು, ಮತ್ತೆ ಆಂಬುಲೆನ್ಸ್, ಮತ್ತೆ ಬೆಂಗಳೂರು. ಎರಡನೆಯ ಸಲವೂ ಯೋಜನೆಯೇ ಖರ್ಚು ಭರಿಸಿತು. ತಿಂಗಳ ಮಾತ್ರೆಗೆ ಇಲ್ಲದ ಬಾಬತ್ತು ಎರಡನೆಯ ದಾಖಲಾತಿಗೆ ಇತ್ತು.

ಇದು ಒಂದು ಮನೆಯ ಕತೆ ಮಾತ್ರ ಅಲ್ಲ. ದೇಶದಲ್ಲಿ ಆರೋಗ್ಯಕ್ಕೆ ಆಗುವ ಒಟ್ಟು ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದಲೇ ಕೊಡುವ ಪಾಲು 2013–14ರಲ್ಲಿ ಶೇ 64.2 ಇದ್ದದ್ದು 2021–22ಕ್ಕೆ ಶೇ 39.4ಕ್ಕೆ ಇಳಿದಿದೆ ಎಂದು ಕೇಂದ್ರದ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಇಳಿದದ್ದು ಒಳ್ಳೆಯದೇ. ಉಳಿದಿರುವ ಆ ಪಾಲಿನಲ್ಲಿ ಹೊರರೋಗಿಯಾಗಿ ಕೊಳ್ಳುವ ಔಷಧಗಳದ್ದೇ ದೊಡ್ಡ ಭಾಗ. ದೊಡ್ಡ ಖರ್ಚು ಒಂದೇ ಸಲ ಬಂದು ಎಲ್ಲರ ಕಣ್ಣಿಗೆ ಬೀಳುತ್ತದೆ. ನೂರು, ಇನ್ನೂರರ ಖರ್ಚು ವಾರಕ್ಕೊಮ್ಮೆ ಬಂದು ಸಂಘದ ಸಾಲದ ಕಂತನ್ನು ತಪ್ಪಿಸುತ್ತದೆ, ಕಂತು ತಪ್ಪಿದರೆ ಇನ್ನೊಂದು ಕಡೆ ಕೈಸಾಲ. ಮೈಕ್ರೋಫೈನಾನ್ಸ್ ಕಿರುಕುಳದ ವಿರುದ್ಧ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಾಗ ಎಲ್ಲರೂ ವಸೂಲಿಗಾರರ ಬಗ್ಗೆ ಮಾತನಾಡಿದರು. ಆ ಸಾಲ ಮಾಡಿದ್ದು ಯಾಕೆ ಎಂದು ನನ್ನ ಬಳಿ ಅರ್ಜಿ ಬರೆಸಲು ಬಂದ ಹೆಂಗಸರನ್ನು ಕೇಳಿದಾಗ ಮದುವೆಯ ಹೆಸರು ಬಂದಷ್ಟೇ ಸಲ ಔಷಧದ ಹೆಸರೂ ಬಂತು.

ಹಾಗಾದರೆ ಆರೋಗ್ಯ ಇಲಾಖೆಗೆ ಸೇರದ ಯೋಜನೆಗಳು ಆರೋಗ್ಯವನ್ನು ಎಷ್ಟು ಕಾಯುತ್ತಿವೆ? ನನ್ನ ಅನುಭವದಲ್ಲಿ ಬಹಳ. ಗೃಹಲಕ್ಷ್ಮಿಯ ಎರಡು ಸಾವಿರ ಖಾತೆಗೆ ಬಂದ ದಿನ ಮೆಡಿಕಲ್ ಶಾಪಿನಲ್ಲಿ ಬಾಕಿ ತೀರಿಸುವ ಹೆಂಗಸರನ್ನು ನೋಡಿದ್ದೇನೆ. ಕಂತು ತಡವಾದ ತಿಂಗಳು ಅವರೇ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವುದನ್ನೂ ನೋಡಿದ್ದೇನೆ. ವಿಧಾನಸೌಧದಲ್ಲಿ ಕಂತು ತಡವಾದರೆ ಅದು ತಾಂತ್ರಿಕ ಕಾರಣ. ಆ ಮನೆಯಲ್ಲಿ ಅದು ಏರಿದ ರಕ್ತದೊತ್ತಡ.

ಶಕ್ತಿ ಯೋಜನೆಯನ್ನೇ ನೋಡಿ. 2023ರ ಜೂನ್ 11ರಿಂದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ. ಅದನ್ನು ದೇವಸ್ಥಾನ ಸುತ್ತುವವರ ಯೋಜನೆ ಎಂದು ಆಡಿಕೊಂಡವರು ಡಯಾಲಿಸಿಸ್ ದಿನದ ಬೆಳಗಿನ ಬಸ್ಸನ್ನು ಹತ್ತಿ ನೋಡಬೇಕಿತ್ತು. ಕೇಂದ್ರದ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಘೋಷಣೆಯಾಯಿತು. ಇವತ್ತು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ಬಡವರಿಗೆ ಉಚಿತವಾಗಿ ಡಯಾಲಿಸಿಸ್ ನಡೆಯುತ್ತದೆ. ಯಂತ್ರದ ಪಕ್ಕ ನಾಲ್ಕು ಗಂಟೆ ಮಲಗಬೇಕು, ವಾರಕ್ಕೆ ಎರಡು ಅಥವಾ ಮೂರು ಸಲ, ಜೀವವಿರುವವರೆಗೆ. ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದ ಹಳ್ಳಿಯಿಂದ ಬರುವ ಹೆಂಗಸು ಆಧಾರ್ ತೋರಿಸಿ ಸೊನ್ನೆಯ ಟಿಕೆಟ್ ಪಡೆಯುತ್ತಾಳೆ, ಜೊತೆಗೆ ಬರುವ ಮಗಳಿಗೂ ಅದೇ. ಅದೇ ಬಸ್ಸಿನಲ್ಲಿ ಬರುವ ಗಂಡಸು ರೋಗಿಗೆ ಹೋಗಲು ನಲವತ್ತು, ಬರಲು ನಲವತ್ತು ಎಂದುಕೊಳ್ಳಿ. ವಾರಕ್ಕೆರಡು ಸಲ ಎಂದರೆ ತಿಂಗಳಿಗೆ ಏಳುನೂರರ ಹತ್ತಿರ. ವೃದ್ಧರಿಗೆ ಬರುವ ಸಂಧ್ಯಾ ಸುರಕ್ಷಾ ಪಿಂಚಣಿ 1,200 ರೂಪಾಯಿ. ಅರ್ಧಕ್ಕಿಂತ ಹೆಚ್ಚು ಬಸ್ಸಿಗೇ ಹೋಯಿತು. ವಾಪಸಾಗುವಾಗ ತಲೆ ಸುತ್ತಿ, ಕಾಲು ಸೋತು ನಿಲ್ಲಲಾಗದ ಆ ಮನುಷ್ಯ ಸೀಟಿಗಾಗಿ ಯಾರ ಮುಖ ನೋಡುತ್ತಾನೋ ಅವರಿಗೆ ಅವನು ರೋಗಿ ಎಂದು ಗೊತ್ತಾಗುವುದೂ ಇಲ್ಲ. ತೋಳಿನ ಮೇಲೆ ಡಯಾಲಿಸಿಸ್ ಸೂಜಿ ಚುಚ್ಚುವ ಉಬ್ಬಿದ ನರವನ್ನು ತುಂಬುತೋಳಿನ ಅಂಗಿಯೊಳಗೆ ಮುಚ್ಚಿಕೊಂಡಿರುತ್ತಾನೆ. ‘ಬಸ್ಸಿನ ದುಡ್ಡಿಲ್ಲ ಮೇಷ್ಟ್ರೇ, ಈ ಸಲ ಒಂದು ತಪ್ಪಿಸಿದೆ’ ಎಂದು ಒಬ್ಬರು ಸಹಜವಾಗಿ ಹೇಳಿದಾಗ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಉಚಿತ ಡಯಾಲಿಸಿಸ್‌ಗೂ ರೋಗಿಗೂ ನಡುವೆ ನಿಂತಿದ್ದದ್ದು ಎಂಬತ್ತು ರೂಪಾಯಿ.

ಅನ್ನದ ವಿಷಯವೂ ಹೀಗೆಯೇ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ದಂಪತಿಯ ಮುಂದಾಳತ್ವದಲ್ಲಿ ಜಾರ್ಖಂಡ್‌ನಲ್ಲಿ ನಡೆದ ಅಧ್ಯಯನವೊಂದರ ಫಲಿತಾಂಶ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಕ್ಷಯರೋಗಿಗಳ ಮನೆಮಂದಿಗೆ ತಲಾ ತಿಂಗಳಿಗೆ 5 ಕೆಜಿ ಅಕ್ಕಿ, 1.5 ಕೆಜಿ ಬೇಳೆ, ಜೊತೆಗೆ ಪೋಷಕಾಂಶದ ಮಾತ್ರೆ ಕೊಟ್ಟರು. ಅಷ್ಟರಿಂದಲೇ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವ ಪ್ರಮಾಣ ಶೇ 39ರಷ್ಟು ಕಡಿಮೆಯಾಯಿತು. ಯಾವ ಹೊಸ ಲಸಿಕೆಯೂ ಅಲ್ಲ, ಹೊಟ್ಟೆಗೆ ಹಿಟ್ಟು. ಅನ್ನಭಾಗ್ಯದ ಅಕ್ಕಿಯ ಬಗ್ಗೆ ‘ಜನ ಸೋಮಾರಿಗಳಾಗುತ್ತಾರೆ’ ಎಂದು ಕುರ್ಚಿಯಲ್ಲಿ ಕುಳಿತು ಹೇಳುವವರಿಗೆ ಈ ಅಧ್ಯಯನವನ್ನು ಓದಿ ಹೇಳಬೇಕು ಅನ್ನಿಸುತ್ತದೆ. ಕ್ಷಯರೋಗಿಗೆ ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಕೊಡುತ್ತಿದ್ದ ತಿಂಗಳ 500 ರೂಪಾಯಿ 2024ರ ನವೆಂಬರಿನಿಂದ ಸಾವಿರವಾಗಿದೆ. ಮೊಟ್ಟೆ, ಬೇಳೆಯ ಬೆಲೆ ನೋಡಿದರೆ ಅದು ಹೆಚ್ಚೇನಲ್ಲ, ಆದರೂ ಸರಿಯಾದ ಕಡೆಗೆ ಇಟ್ಟ ಹೆಜ್ಜೆ.

ಈ ಬಾಗಿಲುಗಳಲ್ಲಿ ಹಲವಕ್ಕೆ ಬೀಗದ ಕೈ ಒಂದೇ: ಪಡಿತರ ಚೀಟಿ. ಅಕ್ಕಿ ಕೊಡಲೆಂದು ಹುಟ್ಟಿದ ಕಾರ್ಡು ಇವತ್ತು ಯಾರಿಗೆ ಆಪರೇಷನ್ ಉಚಿತ, ಯಾರಿಗೆ ಅಲ್ಲ ಎಂಬುದನ್ನು ತೀರ್ಮಾನಿಸುತ್ತದೆ. ಬಿಪಿಎಲ್ ಆದರೆ ಪೂರ್ತಿ ಖರ್ಚು ಸರ್ಕಾರದ್ದು. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ, ಉಳಿದ ಶೇ 70 ರೋಗಿಯದ್ದು. ಬಿಪಿಎಲ್‌ಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ, ತಿಂಗಳಿಗೆ ಹತ್ತು ಸಾವಿರ. ಗಂಡ ಹೆಂಡತಿ ಇಬ್ಬರೂ ದಿನಕ್ಕೆ ತಲಾ ನಾನೂರು ರೂಪಾಯಿಯಂತೆ ತಿಂಗಳಲ್ಲಿ ಇಪ್ಪತ್ತು ದಿನ ಕೂಲಿ ಮಾಡಿದರೆ ಹದಿನಾರು ಸಾವಿರವಾಗುತ್ತದೆ. ನಿಯಮದ ಪ್ರಕಾರ ಅವರು ಬಡವರಲ್ಲ! ಹಾಗಾಗಿ ಪ್ರಾಮಾಣಿಕವಾಗಿ ಆದಾಯ ಹೇಳಿದ ಕೂಲಿಕಾರನೂ ಕಾರ್ಡು ಕಳೆದುಕೊಳ್ಳುವ ಭಯದಲ್ಲೇ ಬದುಕುತ್ತಾನೆ. 2024ರ ನವೆಂಬರಿನಲ್ಲಿ ಅನರ್ಹರ ಕಾರ್ಡು ರದ್ದು ಮಾಡುವ ಕೆಲಸ ಶುರುವಾದಾಗ ನಮ್ಮೂರಿನ ನ್ಯಾಯಬೆಲೆ ಅಂಗಡಿಯ ಮುಂದೆ ಜನ ಅಕ್ಕಿಗಿಂತ ಹೆಚ್ಚಾಗಿ ಆಸ್ಪತ್ರೆಗೆ ಅಂಜಿದ್ದರು. ಗೂಡ್ಸ್ ಆಟೋ ಸಾಲಕ್ಕೆಂದು ಐಟಿ ರಿಟರ್ನ್ಸ್ ಸಲ್ಲಿಸಿದ್ದ ಹುಡುಗನೊಬ್ಬನ ಕಾರ್ಡು ಹೋಗಿತ್ತು, ಅವನ ತಾಯಿಗೆ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿತ್ತು. ಗದ್ದಲವಾದ ಮೇಲೆ, ಸರ್ಕಾರಿ ನೌಕರರು ಮತ್ತು ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡನ್ನು ವಾಪಸು ಕೊಡಲು ಸರ್ಕಾರ ಹೇಳಿತು. ಆ ವಾರಗಳಲ್ಲಿ ಆ ಹುಡುಗ ನಿದ್ದೆ ಮಾಡಿದ್ದನ್ನು ಯಾರೂ ನೋಡಲಿಲ್ಲ. ಶ್ರೀಮಂತರು ಕಳ್ಳ ಕಾರ್ಡು ಇಟ್ಟುಕೊಂಡಿರುವುದು ನಿಜ, ಅದನ್ನು ತೆಗೆಯಲೇಬೇಕು. ಆದರೆ ಚಿಕಿತ್ಸೆಯ ನಡುವೆ ಇರುವವರ ಹಕ್ಕನ್ನು ಕಂಪ್ಯೂಟರಿನ ಒಂದು ಗುಂಡಿ ಕಿತ್ತುಕೊಳ್ಳಬಾರದು.

ಪರಿಹಾರ ಎಲ್ಲಿಯೂ ಇಲ್ಲವೇ ಎಂದರೆ, ಇದೆ. ಪಕ್ಕದ ತಮಿಳುನಾಡು 1995ರಿಂದಲೇ ಸರ್ಕಾರಿ ಔಷಧ ಖರೀದಿಗೆ ಒಂದು ನಿಗಮ ಇಟ್ಟುಕೊಂಡು ಊರೂರಿನ ಆಸ್ಪತ್ರೆಗೆ ಮಾತ್ರೆ ತಲುಪಿಸುತ್ತಿದೆ. 2021ರಲ್ಲಿ ಅಲ್ಲಿನ ಸರ್ಕಾರ ಬಿಪಿ, ಸಕ್ಕರೆ ಕಾಯಿಲೆಯವರ ಮನೆಗೇ ಮಾತ್ರೆ ಕೊಂಡೊಯ್ಯುವ ಯೋಜನೆಯನ್ನು ಶುರುಮಾಡಿದ್ದು ನಮ್ಮ ಗಡಿಗೆ ಅಂಟಿಕೊಂಡಿರುವ ಕೃಷ್ಣಗಿರಿ ಜಿಲ್ಲೆಯಲ್ಲಿ. ಕರ್ನಾಟಕವೂ 2024ರಲ್ಲಿ ಕೋಲಾರದಿಂದ ‘ಗೃಹ ಆರೋಗ್ಯ’ ಆರಂಭಿಸಿ, ಮನೆಬಾಗಿಲಿಗೆ ಹೋಗಿ ತಪಾಸಣೆ ಮಾಡುವ, ಮಾತ್ರೆ ಕೊಡುವ ಕೆಲಸಕ್ಕೆ ಕೈಹಾಕಿದೆ. ನನ್ನನ್ನು ಕೇಳಿದರೆ ಈ ಯೋಜನೆಗೆ ಐದು ಲಕ್ಷದ ಕಾರ್ಡಿಗಿಂತ ಹೆಚ್ಚು ಪ್ರಚಾರ, ಹೆಚ್ಚು ಹಣ, ಹೆಚ್ಚು ಗಮನ ಸಲ್ಲಬೇಕು. ಹಾಸಿಗೆ ಹಿಡಿಯುವ ಮುನ್ನವೇ ಮನುಷ್ಯನ ಕಡೆ ತಿರುಗಿ ನೋಡುವ ನೀತಿ ಇದು.

ಆದರೆ ಇದು ನಿಂತಿರುವುದು ಆಶಾ ಕಾರ್ಯಕರ್ತೆಯರ ಕಾಲಿನ ಮೇಲೆ. ನಮ್ಮ ಬೀದಿಯ ಆಶಾ ಗರ್ಭಿಣಿಯರಿಗೆ ‘ತಾಯಿ ಕಾರ್ಡು’ ಮಾಡಿಸುತ್ತಾರೆ, ಬಾಣಂತಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಕ್ಷಯದವರ ಕಫದ ಡಬ್ಬಿ ತಲುಪಿಸುತ್ತಾರೆ, ಮೊಬೈಲಿನ ಆ್ಯಪ್‌ನಲ್ಲಿ ಎಲ್ಲವನ್ನೂ ತುಂಬುತ್ತಾರೆ. ಅವರನ್ನು ಸರ್ಕಾರ ಈಗಲೂ ನೌಕರರೆಂದು ಕರೆಯುವುದಿಲ್ಲ, ಕೊಡುವುದಕ್ಕೆ ಸಂಬಳವೆನ್ನದೆ ಗೌರವಧನ, ಪ್ರೋತ್ಸಾಹಧನ ಎನ್ನುತ್ತದೆ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕುಳಿತು ಕೇಳಿದ್ದು ತಿಂಗಳಿಗೆ ನಿಗದಿತ ಹದಿನೈದು ಸಾವಿರ. ಸಿಕ್ಕಿದ್ದು ಹತ್ತು ಸಾವಿರದ ಭರವಸೆ. ಇಡೀ ಹಳ್ಳಿಯ ಬಿಪಿ ನೋಡುವ ಹೆಂಗಸಿಗೆ ತನ್ನ ಬಿಪಿ ಮಾತ್ರೆಗೆ ದುಡ್ಡು ಹೊಂದಿಸುವ ಚಿಂತೆ ಇರಬಾರದು. ಅವರ ಚೀಲದಲ್ಲಿ ಮಾತ್ರೆ ತುಂಬಿಸುವುದೂ ಸರ್ಕಾರದ ಕೆಲಸ. ಟೆಂಡರ್ ತಡವಾಗಿ ದಾಸ್ತಾನು ಮುಗಿದ ತಿಂಗಳಲ್ಲಿ ಅವರು ಮನೆಮನೆಗೆ ಹೋಗಿ ಬರಿಗೈ ತೋರಿಸಿ ಬೈಗುಳ ತಿಂದು ಬರುತ್ತಾರೆ.

ಮುಂದಿನ ಬಜೆಟ್ಟಿಗೆ ನನ್ನ ಕೋರಿಕೆ ದೊಡ್ಡದಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವ ಪ್ರತಿ ರೋಗಿಗೂ ಜೊತೆಗಾರರಿಗೂ, ಗಂಡಸಾಗಲಿ ಹೆಂಗಸಾಗಲಿ, ಆ ದಿನದ ಬಸ್ ಪಾಸ್ ಕೊಡಿ. ಚಿಕಿತ್ಸೆ ನಡೆಯುತ್ತಿರುವವರ ಕಾರ್ಡನ್ನು ಚಿಕಿತ್ಸೆ ಮುಗಿಯುವವರೆಗೆ ಮುಟ್ಟಬೇಡಿ. ಹೃದಯದ ಆಪರೇಷನ್ ಆದವರ ಹದಿನೈದು ದಿನದ ಔಷಧವನ್ನು ಕನಿಷ್ಠ ಒಂದು ವರ್ಷಕ್ಕೆ ಏರಿಸಿ. ಇದಕ್ಕೆ ಹೊಸ ಸಮೀಕ್ಷೆಯೂ ಬೇಡ, ಹೊಸ ಕಾರ್ಡೂ ಬೇಡ. ಸ್ಟೆಂಟ್‌ಗೆ ದುಡ್ಡು ಕೊಟ್ಟ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ಕಂಪ್ಯೂಟರಿನಲ್ಲಿ ಆ ರೋಗಿಯ ಹೆಸರಿದೆ, ಊರಿದೆ, ಮೊಬೈಲ್ ನಂಬರ್ ಇದೆ, ಆಪರೇಷನ್ ಆದ ದಿನವಿದೆ. ಅವನ ಊರಿನ ಉಪಕೇಂದ್ರ ಯಾವುದೆಂದು ಆರೋಗ್ಯ ಇಲಾಖೆಗೆ ಗೊತ್ತು, ಅವನ ಮನೆಯ ಬಾಗಿಲು ಯಾವುದೆಂದು ಆಶಾಗೆ ಗೊತ್ತು. ಅವನು ಬಿಡುಗಡೆಯಾದ ದಿನವೇ ಮೂರು ಕಡೆಗೂ ಒಂದು ಸಂದೇಶ ಹೋಗಿ, ಹದಿನಾರನೆಯ ದಿನದ ಮಾತ್ರೆ ಹದಿನೈದನೆಯ ದಿನವೇ ಅವನ ಉಪಕೇಂದ್ರದಲ್ಲಿ ಇರಬೇಕು.